ಹಗುರ ಲಿನಕ್ಸ್ ಭಾರವಾಗದಂತೆ ಸಾಫ್ಟ್‌ವೇರ್ ಸೇರಿಸುವುದು ಹೇಗೆ: ಆ್ಯಂಟಿಎಕ್ಸ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಹಳೆಯ ಲ್ಯಾಪ್‌ಟಾಪಿಗೆ ಹಗುರವಾದ ಲಿನಕ್ಸ್ ಹಾಕಿದ ಹೊಸತರಲ್ಲಿ ಎಲ್ಲವೂ ಚುರುಕು. ಬೇಗ ಬೂಟ್ ಆಗುತ್ತದೆ, 2 ಜಿಬಿ ರ‍್ಯಾಮ್‌ನಲ್ಲೂ ಬ್ರೌಸರ್ ನಡೆಯುತ್ತದೆ. ಆಮೇಲೆ ಪಿಡಿಎಫ್ ನೋಡಲು ಒಂದು, ಹಾಡು ಕೇಳಲು ಒಂದು, ಕ್ಯಾಲೆಂಡರ್‌ಗೆ ಇನ್ನೊಂದು ಅಂತ ಸೇರಿಸುತ್ತಾ ಹೋಗುತ್ತೇವೆ. ಕೆಲವು ತಿಂಗಳಲ್ಲಿ ಅದೇ ಯಂತ್ರ ತೆವಳತೊಡಗುತ್ತದೆ. ಆಗ ನಾವು ಯಂತ್ರದ ವಯಸ್ಸನ್ನು ಬಯ್ಯುತ್ತೇವೆ. ಬಹಳ ಸಲ ನಿಜವಾದ ಕಾರಣ, ನಾವು ಕೇಳಿದ ಪ್ರೋಗ್ರಾಂ ಜೊತೆ ಕೇಳದೇ ಬಂದವುಗಳು. ಒಬ್ಬರನ್ನು ಊಟಕ್ಕೆ ಕರೆದರೆ ಬೀದಿಯೆಲ್ಲ ಬಂದ ಹಾಗೆ. ಅದರಲ್ಲೂ ಬಂದು ಹಿನ್ನೆಲೆಯಲ್ಲಿ ಸದಾ ಓಡುತ್ತಾ ಇರುವವು.

ಇದನ್ನು ತಡೆಯುವುದು ಕಷ್ಟವಲ್ಲ. ಎಂಟರ್ ಒತ್ತುವ ಮುಂಚೆ ಒಂದು ಪಟ್ಟಿ ಓದಬೇಕು, ಅಷ್ಟೇ. ಆ ಪಟ್ಟಿಯನ್ನು ಹೇಗೆ ಓದುವುದು ಅನ್ನುವುದೇ ಈ ಬರಹದ ಮುಖ್ಯ ವಿಷಯ.

ಉದಾಹರಣೆಗೆ ಆ್ಯಂಟಿಎಕ್ಸ್ ತೆಗೆದುಕೊಂಡಿದ್ದೇನೆ. ಇದು ಡೆಬಿಯನ್ ಅನ್ನುವ ಲಿನಕ್ಸ್ ಮೇಲೆ ಕಟ್ಟಿದ್ದು. ಬೂಟ್ ಮತ್ತು ಹಿನ್ನೆಲೆಯ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ಇದರಲ್ಲಿ ಇಲ್ಲ, ವಿಂಡೋ ನೋಡಿಕೊಳ್ಳಲು ಐಸ್‌ಡಬ್ಲ್ಯುಎಂ ಇದೆ. 256 ಎಂಬಿ ರ‍್ಯಾಮ್‌ನ ಹಳೆಯ ಯಂತ್ರದಲ್ಲೂ ನಡೆಯಬೇಕು ಅನ್ನುವುದು ಅದನ್ನು ಕಟ್ಟುವವರ ಗುರಿ. 2023ರಲ್ಲಿ ಬಂದ ಆ್ಯಂಟಿಎಕ್ಸ್ 23, ಡೆಬಿಯನ್ 12ರ ಮೇಲೆ ನಿಂತಿದೆ. ಅದರಲ್ಲಿ 32 ಬಿಟ್ ಆವೃತ್ತಿಯೂ ಉಂಟು. ಎಂಎಕ್ಸ್ ಲಿನಕ್ಸ್, ಲುಬುಂಟು, ಬರೀ ಡೆಬಿಯನ್, ಹೀಗೆ ಆಪ್ಟ್ (ಪ್ರೋಗ್ರಾಂ ಹಾಕುವ, ತೆಗೆಯುವ ಸಾಧನ) ಇರುವ ಯಾವುದರಲ್ಲೇ ಆದರೂ ಇಲ್ಲಿನ ಬಹುಪಾಲು ಹೆಜ್ಜೆಗಳು ಹಾಗೇ ನಡೆಯುತ್ತವೆ. ಪಪ್ಪಿ, ಟೈನಿ ಕೋರ್, ಆಲ್ಪೈನ್‌ಗಳ ದಾರಿ ಬೇರೆ.

ಒಂದು ಮಾತು. ಕಮಾಂಡುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ. ಅಡ್ಡಗೀಟುಗಳು ಎಷ್ಟಿವೆಯೋ ಅಷ್ಟೇ ಇರಬೇಕು.

ಹೆಜ್ಜೆ 1: ಮೊದಲು ಅಳೆದಿಡಿ

ಬೂಟ್ ಆದ ಕೂಡಲೇ, ಬೇರೇನೂ ತೆರೆಯದೆ, ಟರ್ಮಿನಲ್‌ನಲ್ಲಿ ಈ ಎರಡನ್ನು ಹೊಡೆಯಿರಿ:

ಫ್ರೀ -ಎಂ
ಡಿಎಫ್ -ಎಚ್ /

ಮೊದಲನೆಯದು ರ‍್ಯಾಮ್, ಎರಡನೆಯದು ಡಿಸ್ಕ್. ಫ್ರೀ ಕೊಡುವ ಸಾಲಿನಲ್ಲಿ ನೋಡಬೇಕಾದದ್ದು ಕೊನೆಯ 'ಅವೈಲಬಲ್' ಅಂಕಣ. 'ಫ್ರೀ' ಅನ್ನುವ ಅಂಕಣ ಕಡಿಮೆ ಇದ್ದರೆ ಗಾಬರಿ ಬೇಡ. ಖಾಲಿ ಇರುವ ರ‍್ಯಾಮನ್ನು ಲಿನಕ್ಸ್ ಫೈಲುಗಳ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ.

ಇದರ ಜೊತೆಗೆ ಈಗ ಇರುವ ಪ್ಯಾಕೇಜುಗಳಲ್ಲಿ (ಪ್ರೋಗ್ರಾಂ ಬರುವ ಪೊಟ್ಟಣ) ಬೇರೆಯದರ ಜೊತೆ ತಾನಾಗಿ ಬರದೆ ನೇರವಾಗಿ ಹಾಕಿದವುಗಳ ಪಟ್ಟಿಯನ್ನೂ ಒಂದು ಫೈಲಿಗೆ ಬರೆದಿಡಿ:

ಆಪ್ಟ್-ಮಾರ್ಕ್ ಶೋಮ್ಯಾನ್ಯುಅಲ್ > ಹಳೆಪಟ್ಟಿ

ಕೊನೆಯ ಪದ ಫೈಲಿನ ಹೆಸರು, ನಿಮಗಿಷ್ಟ ಬಂದದ್ದು ಕೊಡಿ. ಮುಂದೆ ಯಾವತ್ತಾದರೂ "ಇದು ಮೊದಲೇ ಇತ್ತೇ?" ಅನ್ನಿಸಿದಾಗ ಹೊಸ ಪಟ್ಟಿ ತೆಗೆದು ಇದರ ಜೊತೆ ಡಿಫ್ ಮಾಡಿದರೆ (ಎರಡರ ವ್ಯತ್ಯಾಸ ತೋರಿಸುವ ಕಮಾಂಡು) ಗೊತ್ತಾಗುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಳ್ಳಿ. ಡಿಸ್ಕ್‌ನ ಭಾರ ಬೇರೆ, ರ‍್ಯಾಮ್‌ನ ಭಾರ ಬೇರೆ. 200 ಎಂಬಿ ಪ್ರೋಗ್ರಾಂ ಡಿಸ್ಕ್‌ನಲ್ಲಿ ಸುಮ್ನೆ ಬಿದ್ದಿದ್ದರೆ ಯಂತ್ರ ನಿಧಾನ ಆಗುವುದಿಲ್ಲ. 5 ಎಂಬಿಯ ಒಂದು ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ದಿನವಿಡೀ ಓಡುತ್ತಿದ್ದರೆ ಆಗಬಹುದು. 16 ಜಿಬಿ ಇಎಂಎಂಸಿ (ಬೋರ್ಡಿಗೇ ಅಂಟಿಸಿದ ಫ್ಲಾಶ್ ಸಂಗ್ರಹ) ಇರುವ ಪುಟ್ಟ ನೆಟ್‌ಬುಕ್ಕಿಗೆ ಡಿಸ್ಕ್ ಚಿಂತೆ ಜಾಸ್ತಿ. 1 ಜಿಬಿ ರ‍್ಯಾಮ್, 250 ಜಿಬಿ ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರಕ್ಕೆ ರ‍್ಯಾಮ್ ಚಿಂತೆ. ನಿಮ್ಮದು ಯಾವುದು ಅಂತ ಮೊದಲೇ ತೀರ್ಮಾನಿಸಿ.

ಹೆಜ್ಜೆ 2: ಆಗಲೇ ಇದೆಯೇ ನೋಡಿ

ಆ್ಯಂಟಿಎಕ್ಸ್ ನಾಲ್ಕು ಬಗೆಯಲ್ಲಿ ಸಿಗುತ್ತದೆ: ಫುಲ್, ಬೇಸ್, ಕೋರ್, ನೆಟ್. ಫುಲ್‌ನಲ್ಲಿ ಲಿಬ್ರೆಆಫೀಸ್, ಫೈರ್‌ಫಾಕ್ಸ್, ಎಂಪಿವಿ, ಜೀನಿ (ಪಠ್ಯ ಸಂಪಾದಕ) ಮೊದಲೇ ಇರುತ್ತವೆ. ಎಂಪಿವಿ ವೀಡಿಯೊ ಅಷ್ಟೇ ಅಲ್ಲ, ಹಾಡನ್ನೂ ನುಡಿಸುತ್ತದೆ. ಹಾಡಿಗೆ ಇನ್ನೊಂದು ಪ್ಲೇಯರ್ ಬೇಕೇ ಬೇಕು ಅಂತೇನಿಲ್ಲ, ಅಲ್ವಾ?

ಇನ್ನೂ ಇನ್‌ಸ್ಟಾಲ್ ಮಾಡಿಲ್ಲ ಅಂದರೆ ನನ್ನ ಸಲಹೆ ಬೇಸ್. ಫುಲ್ ಹಾಕಿ ಬೇಡದ್ದನ್ನು ಕಿತ್ತುಹಾಕುವುದಕ್ಕಿಂತ ಬೇಸ್ ಹಾಕಿ ಬೇಕಾದ್ದನ್ನು ಸೇರಿಸುವುದು ಸುಲಭ. ಕೋರ್ ಮತ್ತು ನೆಟ್‌ನಲ್ಲಿ ಗ್ರಾಫಿಕ್ಸ್ ಪರದೆಯೇ ಇರುವುದಿಲ್ಲ, ಹೊಸಬರು ಅಲ್ಲಿಗೆ ಹೋಗಬೇಡಿ.

ಹೆಜ್ಜೆ 3: 'ಹೌದು' ಅನ್ನುವ ಮುಂಚೆ ಪಟ್ಟಿ ಓದಿ

ಇದೇ ಎಲ್ಲಕ್ಕಿಂತ ಮುಖ್ಯ. ಪಿಡಿಎಫ್ ಓದಲು ಒಕ್ಯುಲರ್ ಬೇಕು ಅಂದುಕೊಳ್ಳಿ. ನೇರವಾಗಿ ಹಾಕದೆ ಹೀಗೆ ಕೇಳಿ (ಸುಡೊ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ):

ಸುಡೊ ಆಪ್ಟ್ ಇನ್‌ಸ್ಟಾಲ್ --ಅಸ್ಯೂಮ್-ನೋ ಒಕ್ಯುಲರ್

ಆಪ್ಟ್ ಎಲ್ಲ ಲೆಕ್ಕ ಹಾಕಿ ತೋರಿಸಿ, ಕೊನೆಗೆ ತಾನೇ 'ಬೇಡ' ಅಂದುಕೊಂಡು ನಿಲ್ಲುತ್ತದೆ. ಏನೂ ಇನ್‌ಸ್ಟಾಲ್ ಆಗುವುದಿಲ್ಲ. ಕೆಲವರು -ಎಸ್ ಬಳಸುತ್ತಾರೆ, ಅದೂ ಪರೀಕ್ಷೆಯೇ. ಆದರೆ ಅದು ಎಷ್ಟು ಎಂಬಿ ಅಂತ ಹೇಳುವುದಿಲ್ಲ, ಇದು ಹೇಳುತ್ತದೆ.

ಬಂದ ಪಟ್ಟಿಯಲ್ಲಿ ಮೂರು ಜಾಗ ನೋಡಿ.

ಒಂದು, ಹೊಸದಾಗಿ ಎಷ್ಟು ಪ್ಯಾಕೇಜು, ಎಷ್ಟು ಎಂಬಿ. ಒಕ್ಯುಲರ್, ಕೆಡಿಇ ಅನ್ನುವ ದೊಡ್ಡ ಡೆಸ್ಕ್‌ಟಾಪ್ ಕುಟುಂಬದ್ದು. ಆ್ಯಂಟಿಎಕ್ಸ್‌ನಲ್ಲಿ ಕೆಡಿಇ ಇಲ್ಲದ್ದರಿಂದ ಅದರ ಲೈಬ್ರರಿಗಳ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ದೊಡ್ಡ ಸಾಲೇ ಬರುತ್ತದೆ. ಹೆಸರು 'ಲಿಬ್‌ಕೆಎಫ್' ಅಂತ ಶುರುವಾಗುವವು ಅವೇ. ಅದೇ ಕೆಲಸಕ್ಕೆ ಮುಪಿಡಿಎಫ್ ಅಥವಾ ಜತುರಾ (ಝಡ್-ಎ-ಟಿ-ಎಚ್-ಯು-ಆರ್-ಎ) ಕೇಳಿ ನೋಡಿ, ಪಟ್ಟಿ ಎಷ್ಟು ಚಿಕ್ಕದು ಅಂತ ಕಣ್ಣಿಗೇ ಕಾಣುತ್ತದೆ.

ಎರಡು, ಹಿನ್ನೆಲೆಯಲ್ಲಿ ಓಡುವಂಥವು ಇವೆಯೇ. ಸರ್ವರ್, ಡೀಮನ್ ಅನ್ನುವ ಪದಗಳು, ಅಕೊನಾಡಿ, ಬಲೂ, ಟ್ರ್ಯಾಕರ್, ಎವಲ್ಯೂಷನ್-ಡೇಟಾ-ಸರ್ವರ್ ಮುಂತಾದ ಹೆಸರುಗಳು ಕಂಡರೆ ನಿಲ್ಲಿ. ಕೆಆರ್ಗನೈಜರ್ ಅನ್ನುವ ಕ್ಯಾಲೆಂಡರನ್ನೇ ನೋಡಿ. ಅದಕ್ಕೆ ಅಕೊನಾಡಿ ಬೇಕು. ಅಕೊನಾಡಿ ತನ್ನ ಮಾಹಿತಿ ಇಡಲು ಮಾರಿಯಾಡಿಬಿಯನ್ನು ತರುತ್ತದೆ. ಹಬ್ಬ ಯಾವತ್ತು ಅಂತ ನೋಡಲು ಡೇಟಾಬೇಸ್ ಸರ್ವರ್ ಬೇಕಾಗಿಲ್ಲ.

ಮೂರು, 'ರಿಮೂವ್ಡ್' ಅನ್ನುವ ಸಾಲು. ಏನನ್ನಾದರೂ ತೆಗೆಯುತ್ತೇನೆ ಅಂತ ಆಪ್ಟ್ ಹೇಳಿದರೆ ಅದು ಯಾಕೆ ಅಂತ ಗೊತ್ತಾಗುವವರೆಗೂ ಮುಂದುವರಿಯಬೇಡಿ. ಆ ಸಾಲಿನಲ್ಲಿ ಐಸ್‌ಡಬ್ಲ್ಯುಎಂ ಅಥವಾ ಸಿಸ್‌ವಿಇನಿಟ್ (ಸಿಸ್ಟಂಡಿ ಬದಲಿಗೆ ಬೂಟ್ ನೋಡಿಕೊಳ್ಳುವುದು) ಕಂಡರೆ ಆ ಪ್ರೋಗ್ರಾಂ ನಿಮ್ಮ ಯಂತ್ರಕ್ಕೆ ಹೊಂದುವುದೇ ಇಲ್ಲ.

ಹೆಜ್ಜೆ 4: ಬೇಕೇ ಬೇಕಾದದ್ದು, ಇದ್ದರೆ ಒಳ್ಳೆಯದು, ಬೇಕಾದರೆ ಹಾಕಿ

ಡೆಬಿಯನ್ ಪ್ಯಾಕೇಜುಗಳ ನಡುವೆ ಮುಖ್ಯವಾಗಿ ಮೂರು ಬಗೆಯ ನಂಟು ಇರುತ್ತದೆ. ಡಿಪೆಂಡ್ಸ್ ಅಂದರೆ ಅದಿಲ್ಲದೆ ಪ್ರೋಗ್ರಾಂ ಓಡುವುದೇ ಇಲ್ಲ. ರೆಕಮೆಂಡ್ಸ್ ಅಂದರೆ ಹೆಚ್ಚಿನವರಿಗೆ ಬೇಕಾಗುತ್ತದೆ, ಇಲ್ಲದಿದ್ದರೂ ಓಡುತ್ತದೆ. ಸಜೆಸ್ಟ್ಸ್ ಅಂದರೆ ಇಷ್ಟ ಇದ್ದರೆ ಹಾಕಿಕೊಳ್ಳಿ. 2009ರ ಡೆಬಿಯನ್ 5.0ರಿಂದ ರೆಕಮೆಂಡ್ಸ್ ತಾನಾಗಿಯೇ ಬರುತ್ತವೆ. ಭಾರ ಏರುವುದು ಹೆಚ್ಚಾಗಿ ಈ ಬಾಗಿಲಿನಿಂದ.

ನಿಮ್ಮ ಯಂತ್ರದಲ್ಲಿ ಈ ಬಾಗಿಲು ತೆರೆದಿದೆಯೇ ಮುಚ್ಚಿದೆಯೇ ಅಂತ ನೋಡಿ:

ಆಪ್ಟ್-ಕಾನ್ಫಿಗ್ ಡಂಪ್ | ಗ್ರೆಪ್ -ಐ ರೆಕಮೆಂಡ್ಸ್

'ಇನ್‌ಸ್ಟಾಲ್-ರೆಕಮೆಂಡ್ಸ್' ಮುಂದೆ 1 ಅಥವಾ ಟ್ರೂ ಇದ್ದರೆ ತೆರೆದಿದೆ. 0 ಅಥವಾ ಫಾಲ್ಸ್ ಇದ್ದರೆ ಮುಚ್ಚಿದೆ. ತೆರೆದಿದ್ದರೆ ಒಂದು ಸಲದ ಮಟ್ಟಿಗೆ ಹೀಗೆ ಮುಚ್ಚಬಹುದು:

ಸುಡೊ ಆಪ್ಟ್ ಇನ್‌ಸ್ಟಾಲ್ --ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಪ್ಯಾಕೇಜಿನ-ಹೆಸರು

ಹೀಗೆ ಕೇಳಿದಾಗ ಇನ್ನೊಂದು ಲಾಭ ಇದೆ. ರೆಕಮೆಂಡ್ಸ್ ಯಾವುವು ಅಂತ ಆಪ್ಟ್ ಬೇರೆ ಗುಂಪಾಗಿ ತೋರಿಸುತ್ತದೆ. ಇಲ್ಲದಿದ್ದರೆ ಅವು ಬೇಕೇ ಬೇಕಾದವುಗಳ ಜೊತೆ ಕಲೆತುಹೋಗಿರುತ್ತವೆ. ಆ ಗುಂಪನ್ನು ಓದಿ, ಅದರಲ್ಲಿ ನಿಮಗೆ ಉಪಯೋಗ ಇರುವ ಒಂದೆರಡನ್ನು ಹೆಸರು ಹೇಳಿ ಸೇರಿಸಿ.

ಈ ಓದುವ ಕೆಲಸ ಬಿಡಬೇಡಿ. ಕನ್ನಡ ಟೈಪಿಂಗ್‌ಗೇ ಇದರ ಒಳ್ಳೆಯ ಉದಾಹರಣೆ ಇದೆ. ಕನ್ನಡ ಟೈಪ್ ಮಾಡಲು ನೆರವಾಗುವ ಐಬಸ್-ಎಂ17ಎನ್ ಅನ್ನು ರೆಕಮೆಂಡ್ಸ್ ಇಲ್ಲದೆ ಹಾಕಿದರೆ ಐಬಸ್ ಬರುತ್ತದೆ, ಕನ್ನಡ ವಿನ್ಯಾಸವೂ ಪಟ್ಟಿಯಲ್ಲಿ ಕಾಣುತ್ತದೆ. ಆದರೆ ಫೈರ್‌ಫಾಕ್ಸ್‌ನಲ್ಲಿ ಕನ್ನಡ ಮೂಡದೇ ಹೋಗಬಹುದು. ಯಾಕೆಂದರೆ ಐಬಸ್ಸನ್ನು ಜಿಟಿಕೆ (ಕಿಟಕಿ, ಮೆನು ಬಿಡಿಸುವ ಲೈಬ್ರರಿ) ಬಳಸುವ ಪ್ರೋಗ್ರಾಂಗಳಿಗೆ ಜೋಡಿಸುವ ಐಬಸ್-ಜಿಟಿಕೆ3 ಇರುವುದು ರೆಕಮೆಂಡ್ಸ್ ಗುಂಪಿನಲ್ಲಿ. ಅದೊಂದನ್ನು ಹೆಸರು ಹಿಡಿದು ಸೇರಿಸಿದರೆ ಸರಿಯಾಗುತ್ತದೆ.

ಇದೇ ಕಾರಣಕ್ಕೆ ಸೆಟ್ಟಿಂಗ್ ಬದಲಿಸಿ ರೆಕಮೆಂಡ್ಸ್ ಅನ್ನು ಶಾಶ್ವತವಾಗಿ ಮುಚ್ಚಿಬಿಡಿ ಅಂತ ನಾನು ಹೇಳುವುದಿಲ್ಲ. ಮುಚ್ಚಿದ್ದು ಮರೆತುಹೋಗುತ್ತದೆ. ವರ್ಷದ ನಂತರ ಯಾವುದೋ ಪ್ರೋಗ್ರಾಂ ಅರ್ಧಂಬರ್ಧ ಕೆಲಸ ಮಾಡಿದಾಗ ಕಾರಣ ಹೊಳೆಯುವುದಿಲ್ಲ. ಪ್ರತಿ ಸಲ ಟೈಪ್ ಮಾಡುವುದು ಸ್ವಲ್ಪ ಉದ್ದ, ಆದರೆ ಏನು ಬಿಟ್ಟೆವು ಅನ್ನುವುದು ಕಣ್ಣ ಮುಂದೆ ಇರುತ್ತದೆ. ನಿಮ್ಮಲ್ಲಿ ಮೊದಲೇ ಮುಚ್ಚಿದ್ದರೆ, ಬೇಕಾದಾಗ --ಇನ್‌ಸ್ಟಾಲ್-ರೆಕಮೆಂಡ್ಸ್ ಅಂತ ಬರೆದು ಆ ಒಂದು ಸಲಕ್ಕೆ ತೆರೆಯಬಹುದು.

ಎಲ್ಲ ರೆಕಮೆಂಡ್ಸ್ ಇರಲಿ, ಒಂದು ಮಾತ್ರ ಬೇಡ ಅಂದರೆ ಆ ಹೆಸರಿನ ಕೊನೆಗೆ ಒಂದು ಅಡ್ಡಗೀಟು ಅಂಟಿಸಿ. 'ಆಪ್ಟ್ ಇನ್‌ಸ್ಟಾಲ್ ಮೊದಲನೆಯದು ಎರಡನೆಯದು-' ಅಂದರೆ ಮೊದಲನೆಯದನ್ನು ಹಾಕು, ಎರಡನೆಯದು ಬೇಡ ಅಂತ ಅರ್ಥ. ಹುಷಾರು, ಎರಡನೆಯದು ಆಗಲೇ ಇದ್ದರೆ ಅದನ್ನು ತೆಗೆದುಬಿಡುತ್ತದೆ.

ಹೆಜ್ಜೆ 5: ಒಂದೇ ಕುಟುಂಬದವನ್ನು ಆರಿಸಿ

ಕಿಟಕಿ, ಬಟನ್, ಮೆನು ಬಿಡಿಸಲು ಹೆಚ್ಚಿನ ಪ್ರೋಗ್ರಾಂಗಳು ಜಿಟಿಕೆ ಅಥವಾ ಕ್ಯೂಟಿ ಬಳಸುತ್ತವೆ. ಎರಡು ಜಿಟಿಕೆ ಪ್ರೋಗ್ರಾಂಗಳು ಒಟ್ಟಿಗೆ ತೆರೆದಿದ್ದರೆ ಲೈಬ್ರರಿಯ ಒಂದೇ ಪ್ರತಿಯನ್ನು ರ‍್ಯಾಮ್‌ನಲ್ಲಿ ಹಂಚಿಕೊಳ್ಳುತ್ತವೆ. ಒಂದು ಜಿಟಿಕೆ, ಒಂದು ಕ್ಯೂಟಿ ತೆರೆದರೆ ಎರಡೂ ಲೈಬ್ರರಿಗಳು ರ‍್ಯಾಮ್‌ಗೆ ಬರುತ್ತವೆ. ನಿಮ್ಮಲ್ಲಿ ಜಾಸ್ತಿ ಯಾವುದಿದೆಯೋ ಅದರ ಕಡೆಗೇ ವಾಲಿ. ಯಾವುದು ಎಂದು ತಿಳಿಯಲು:

ಆಪ್ಟ್ ಡಿಪೆಂಡ್ಸ್ ಪ್ಯಾಕೇಜಿನ-ಹೆಸರು

ಬಂದ ಸಾಲುಗಳಲ್ಲಿ 'ಲಿಬ್‌ಜಿಟಿಕೆ' ಇದೆಯೇ 'ಲಿಬ್‌ಕ್ಯೂಟಿ' ಇದೆಯೇ ನೋಡಿದರೆ ಸಾಕು.

ಬೇಸ್ ಮೇಲೆ ಆಫೀಸ್ ಹಾಕುವವರು 'ಲಿಬ್ರೆಆಫೀಸ್' ಅನ್ನುವ ಹೆಸರಿನ ಪ್ಯಾಕೇಜು ಕೇಳಬೇಡಿ. ಅದು ಬರೀ ಕಟ್ಟು. ಅದನ್ನು ಕರೆದರೆ ರೈಟರ್, ಕ್ಯಾಲ್ಕ್ ಜೊತೆಗೆ ಡ್ರಾ, ಮ್ಯಾಥ್, ಬೇಸ್ (ಲಿಬ್ರೆಆಫೀಸ್‌ನ ಡೇಟಾಬೇಸ್ ಪ್ರೋಗ್ರಾಂ) ಎಲ್ಲ ಬಂದು, ಪಟ್ಟಿ ಜಾವಾವರೆಗೂ ಹೋಗಬಹುದು. ಪತ್ರ ಬರೆಯುವುದಷ್ಟೇ ಇದ್ದರೆ ಲಿಬ್ರೆಆಫೀಸ್-ರೈಟರ್ ಮತ್ತು ಲಿಬ್ರೆಆಫೀಸ್-ಜಿಟಿಕೆ3 ಸಾಕು. ಲೆಕ್ಕಪತ್ರ ಇದ್ದರೆ ಲಿಬ್ರೆಆಫೀಸ್-ಕ್ಯಾಲ್ಕ್ ಸೇರಿಸಿ. ಇನ್ನೂ ಹಗುರ ಬೇಕಾದರೆ ಅಬಿವರ್ಡ್, ನ್ಯೂಮೆರಿಕ್ (ಜಿ-ಎನ್-ಯು-ಎಂ-ಇ-ಆರ್-ಐ-ಸಿ) ಇವೆ. ಆದರೆ ಬೇರೆಯವರು ಕಳಿಸಿದ ವರ್ಡ್ ಫೈಲುಗಳನ್ನು ದಿನಾ ತೆರೆಯುವವರಿಗೆ ರೈಟರ್ರೇ ಒಳ್ಳೆಯದು.

ಫೋಟೋ ನೋಡಲು ಫೆ (ಎಫ್-ಇ-ಎಚ್). ಹಾಡಿಗೆ ಟರ್ಮಿನಲ್ ಒಗ್ಗಿದರೆ ಮಾಕ್ (ಎಂ-ಒ-ಸಿ) ಅಥವಾ ಸಿಮಸ್ (ಸಿ-ಎಂ-ಯು-ಎಸ್). ಫೋಟೋ ತಿದ್ದುವವರಿಗೆ ಜಿಂಪ್ ನಿಜವಾಗಲೂ ಬೇಕಿದ್ದರೆ ಜಿಂಪನ್ನೇ ಹಾಕಿ. ಅದು ಡಿಸ್ಕ್‌ನಲ್ಲಿ ಜಾಗ ತಿನ್ನುತ್ತದೆ, ಆದರೆ ಮುಚ್ಚಿದ ಮೇಲೆ ಏನನ್ನೂ ಓಡಿಸಿ ಬಿಟ್ಟುಹೋಗುವುದಿಲ್ಲ. ಬೇಕಾದ ಕೆಲಸ ಬಿಟ್ಟುಕೊಟ್ಟು ಯಂತ್ರವನ್ನು ಹಗುರ ಇಟ್ಟುಕೊಂಡರೆ ಏನು ಬಂತು?

ಬ್ರೌಸರ್ ವಿಷಯದಲ್ಲಿ ಮಾತ್ರ ಪವಾಡ ಇಲ್ಲ. ರ‍್ಯಾಮ್ ತಿನ್ನುವುದು ಇಂದಿನ ವೆಬ್‌ಸೈಟುಗಳೇ. ಡಿಲ್ಲೊ, ನೆಟ್‌ಸರ್ಫ್ ತುಂಬ ಹಗುರ, ಬರೀ ಓದುವ ಪುಟಗಳಿಗೆ ಚೆನ್ನಾಗಿವೆ. ಬ್ಯಾಂಕಿನ ಸೈಟು, ಸೇವಾ ಸಿಂಧು ಅಂದಕೂಡಲೇ ಪೂರ್ತಿ ಬ್ರೌಸರ್ ಬೇಕು. ಹಾಗಾಗಿ ಒಂದು ಫೈರ್‌ಫಾಕ್ಸ್ ಇಟ್ಟುಕೊಂಡು, ಅದಕ್ಕೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿ, ಟ್ಯಾಬುಗಳನ್ನು ಕಡಿಮೆ ಇಡಿ. ಜಾಹೀರಾತು ನಿಂತರೆ ಆಗುವ ಹಗುರ, ಬ್ರೌಸರ್ ಬದಲಿಸಿದರೆ ಆಗುವುದಿಲ್ಲ.

ಕನ್ನಡಕ್ಕೆ ಎಷ್ಟು ಬೇಕೋ ಅಷ್ಟು

ಕನ್ನಡ ಓದಲು, ಬರೆಯಲು ಏನೇನೋ ಹಾಕಬೇಕು ಅಂದುಕೊಂಡಿರುತ್ತೇವೆ. ಮೊದಲು ಕನ್ನಡ ಫಾಂಟ್ ಆಗಲೇ ಇದೆಯೇ ನೋಡಿ:

ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್

ಒಂದು ಹೆಸರು ಬಂದರೂ ಸಾಕು, ಅಕ್ಷರ ಮೂಡುತ್ತದೆ. ಏನೂ ಬರದಿದ್ದರೆ ಫಾಂಟ್ಸ್-ಲೋಹಿತ್-ಕೆಎನ್‌ಡಿಎ ಹಾಕಿ. ತೀರಾ ಚಿಕ್ಕ ಪ್ಯಾಕೇಜು. ಗುಬ್ಬಿ, ನವಿಲು ಫಾಂಟುಗಳೂ ಡೆಬಿಯನ್‌ನಲ್ಲಿ ಬೇರೆ ಬೇರೆ ಪ್ಯಾಕೇಜಾಗಿ ಸಿಗುತ್ತವೆ. 'ಫಾಂಟ್ಸ್-ನೋಟೊ' ಅಂತ ಕೇಳಿದರೆ ಮಾತ್ರ ರೆಕಮೆಂಡ್ಸ್ ಜೊತೆ ಚೀನೀ, ಜಪಾನೀ ಫಾಂಟುಗಳೂ ಬಂದು ಡಿಸ್ಕ್ ತುಂಬುತ್ತವೆ.

ಟೈಪಿಂಗ್‌ಗೆ ಏನೂ ಹಾಕದೆಯೂ ಕೆಲಸ ಆಗುತ್ತದೆ. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಕನ್ನಡ ಇದೆ:

ಸೆಟ್‌ಎಕ್ಸ್‌ಕೆಬಿಮ್ಯಾಪ್ -ಲೇಔಟ್ ಯುಎಸ್,ಇನ್ -ವೇರಿಯಂಟ್ ,ಕನ್ -ಆಪ್ಷನ್ ಜಿಆರ್‌ಪಿ:ಆಲ್ಟ್_ಶಿಫ್ಟ್_ಟಾಗಲ್

ಇಲ್ಲಿ 'ಇನ್' ಅಂದರೆ ಐ-ಎನ್, 'ಕನ್' ಅಂದರೆ ಕೆ-ಎ-ಎನ್. ಆಮೇಲೆ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಮತ್ತೆ ಒತ್ತಿದರೆ ವಾಪಸ್. ಇದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಇದಕ್ಕಾಗಿ ಹಿನ್ನೆಲೆಯಲ್ಲಿ ಯಾವ ಪ್ರೋಗ್ರಾಮೂ ಓಡುವುದಿಲ್ಲ. ಪ್ರತಿ ಸಲ ಬೂಟ್ ಆದಾಗ ತಾನೇ ಬರಬೇಕಾದರೆ ನಿಮ್ಮ ಹೋಮ್ ಫೋಲ್ಡರಿನ .ಡೆಸ್ಕ್‌ಟಾಪ್-ಸೆಷನ್ ಒಳಗಿನ ಸ್ಟಾರ್ಟ್‌ಅಪ್ ಫೈಲಿಗೆ ಈ ಸಾಲು ಸೇರಿಸಿ, ಕೊನೆಗೆ & ಹಾಕಿ.

ನುಡಿಯಲ್ಲಿ ಟೈಪ್ ಮಾಡಿ ರೂಢಿ ಇರುವವರಿಗೆ 'ಕನ್-ಕಗಪ' ಅನ್ನುವ ವೇರಿಯಂಟೂ ಇದೆ. ಆದರೆ ಅದು ನುಡಿಯಷ್ಟು ಸರಾಗವಲ್ಲ. ಈ ಕೀಲಿಮಣೆ ಹಿಂದೆ ಹೊಡೆದ ಅಕ್ಷರ ಯಾವುದು ಅಂತ ನೋಡುವುದಿಲ್ಲ. ಹಾಗಾಗಿ 'ಇ'ಗೂ 'ಕಿ'ಯ ಗುಣಿತ ಚಿಹ್ನೆಗೂ ಬೇರೆ ಬೇರೆ ಒತ್ತು ಬೇಕಾಗುತ್ತದೆ. ದಿನಾ ಪುಟಗಟ್ಟಲೆ ಬರೆಯುವವರು ಮೇಲೆ ಹೇಳಿದ ಐಬಸ್-ಎಂ17ಎನ್ ಹಾಕಿ, ಅದರಲ್ಲಿನ ಕೆಜಿಪಿ ವಿನ್ಯಾಸ ಆರಿಸಿಕೊಳ್ಳಿ. ಅದು ತಿನ್ನುವ ರ‍್ಯಾಮ್‌ಗೆ ತಕ್ಕ ಬೆಲೆ ಸಿಗುತ್ತದೆ.

ಹೆಜ್ಜೆ 6: ಡೆಬಿಯನ್‌ನಲ್ಲಿ ಸಿಗದಿದ್ದರೆ

ಮೊದಲ ಆಯ್ಕೆ ಆ್ಯಪ್‌ಇಮೇಜ್. ಒಂದೇ ಫೈಲು, ಓಡಿಸುವ ಅನುಮತಿ ಕೊಟ್ಟು ತೆರೆದರೆ ಆಯಿತು. ಬೇಡವಾದರೆ ಫೈಲು ಅಳಿಸಿ. ಹಲವಕ್ಕೆ ಲಿಬ್‌ಫ್ಯೂಸ್2 ಬೇಕಾಗುತ್ತದೆ, ಅದು ಚಿಕ್ಕದು.

ಇನ್ನೊಂದು ದಾರಿ ಫ್ಲಾಟ್‌ಪ್ಯಾಕ್. ಅದು ಕೆಟ್ಟದ್ದಲ್ಲ, ಆದರೆ ಒಂದು ಪುಟ್ಟ ಪ್ರೋಗ್ರಾಂಗೂ ನೂರಾರು ಎಂಬಿಯ ರನ್‌ಟೈಮ್ (ಓಡಲು ಬೇಕಾದ ಲೈಬ್ರರಿಗಳ ಗುಂಪು) ತರುತ್ತದೆ. ಐದಾರು ಪ್ರೋಗ್ರಾಂ ಒಂದೇ ರನ್‌ಟೈಮ್ ಹಂಚಿಕೊಂಡರೆ ಸರಿ. ಒಂದಕ್ಕಾಗಿ ಬೇಡ. ಬಳಸುವವರು ಆಗಾಗ 'ಫ್ಲಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್ --ಅನ್‌ಯೂಸ್ಡ್' ಓಡಿಸಿ, ಹಳೆಯ ರನ್‌ಟೈಮುಗಳು ಹೋಗುತ್ತವೆ. ಇಂಥದ್ದೇ ಆದ ಸ್ನ್ಯಾಪ್‌ಗೆ ಸಿಸ್ಟಂಡಿ ಬೇಕು, ಆದ್ದರಿಂದ ಆ್ಯಂಟಿಎಕ್ಸ್‌ನಲ್ಲಿ ಆ ಮಾತೇ ಇಲ್ಲ.

ಉಬುಂಟುವಿನ ಪಿಪಿಎಗಳನ್ನು (ಉಬುಂಟುಗೆಂದು ಬೇರೆಯವರು ಇಟ್ಟ ಪ್ಯಾಕೇಜು ಭಂಡಾರಗಳು) ಡೆಬಿಯನ್ ಮೇಲಿನ ವ್ಯವಸ್ಥೆಗೆ ಸೇರಿಸಲೇಬೇಡಿ. ಲೈಬ್ರರಿ ಆವೃತ್ತಿಗಳು ಹೊಂದದೆ ಮುಂದಿನ ಅಪ್‌ಗ್ರೇಡ್ ಕೆಡುತ್ತದೆ. ಹೊಸ ಆವೃತ್ತಿಯೇ ಬೇಕಿದ್ದರೆ ಡೆಬಿಯನ್‌ನದೇ ಬ್ಯಾಕ್‌ಪೋರ್ಟ್ಸ್ (ಈಗಿನ ಡೆಬಿಯನ್‌ಗೆ ಹೊಂದಿಸಿದ ಹೊಸ ಆವೃತ್ತಿಗಳು) ನೋಡಿ. ಕಂಪನಿಗಳ ಸೈಟಿನಿಂದ ಇಳಿಸಿದ ಡೆಬ್ ಫೈಲುಗಳಲ್ಲಿ ಕೆಲವು, ಗೂಗಲ್ ಕ್ರೋಮ್ ಥರದವು, ತಮ್ಮ ರೆಪೊಸಿಟರಿಯನ್ನೂ (ಪ್ಯಾಕೇಜು ಭಂಡಾರ) ನಿಮ್ಮ ಪಟ್ಟಿಗೆ ಸೇರಿಸುತ್ತವೆ. ಅಪ್‌ಡೇಟ್ ಸಿಗಲಿ ಅಂತ ಹಾಗೆ ಮಾಡುವುದು. ಪ್ರೋಗ್ರಾಂ ತೆಗೆದ ಮೇಲೆ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಒಳಗೆ ಅದು ಉಳಿದಿದೆಯೇ ನೋಡಿ.

ಹೆಜ್ಜೆ 7: ಹಾಕಿದ ಮೇಲೆ ಏನು ಓಡುತ್ತಿದೆ

ಡೆಬಿಯನ್‌ನಲ್ಲಿ ಸರ್ವಿಸ್ ಇರುವ ಪ್ಯಾಕೇಜು ಹಾಕಿದ ಕೂಡಲೇ ಅದು ಓಡಲು ಶುರುವಾಗುತ್ತದೆ, ಮುಂದಿನ ಪ್ರತಿ ಬೂಟ್‌ನಲ್ಲೂ ಬರುತ್ತದೆ. ಹೊಸದು ಹಾಕಿದ ಮೇಲೆ ಒಂದು ಸಲ ರೀಬೂಟ್ ಮಾಡಿ ಇವೆರಡನ್ನು ನೋಡಿ:

ಸುಡೊ ಸರ್ವಿಸ್ --ಸ್ಟೇಟಸ್-ಆಲ್
ಪಿಎಸ್ -ಇಒ ಆರ್‌ಎಸ್‌ಎಸ್,ಕಾಮ್ --ಸಾರ್ಟ್=-ಆರ್‌ಎಸ್‌ಎಸ್ | ಹೆಡ್

ಮೊದಲನೆಯದರಲ್ಲಿ ಪ್ಲಸ್ ಗುರುತು ಇರುವವು ಓಡುತ್ತಿವೆ. ಎರಡನೆಯದು ರ‍್ಯಾಮ್ ಜಾಸ್ತಿ ತಿನ್ನುವವನ್ನು ಮೇಲಿಟ್ಟು ತೋರಿಸುತ್ತದೆ, ಅಂಕಿ ಕೆಬಿ ಲೆಕ್ಕದಲ್ಲಿ.

ತಿಂಗಳಿಗೊಮ್ಮೆ ಪ್ರಿಂಟ್ ತೆಗೆಯುವವರಿಗೆ ಪ್ರಿಂಟರ್ ನೋಡಿಕೊಳ್ಳುವ ಕಪ್ಸ್ (ಸಿ-ಯು-ಪಿ-ಎಸ್) ದಿನವಿಡೀ ಓಡಬೇಕಾಗಿಲ್ಲ. ತೆಗೆದುಹಾಕುವುದೂ ಬೇಡ. 'ಸುಡೊ ಅಪ್‌ಡೇಟ್-ಆರ್‌ಸಿ.ಡಿ ಕಪ್ಸ್ ಡಿಸೇಬಲ್' ಅಂದರೆ ಬೂಟ್‌ನಲ್ಲಿ ಬರುವುದು ನಿಲ್ಲುತ್ತದೆ. ಬೇಕಾದ ದಿನ 'ಸುಡೊ ಸರ್ವಿಸ್ ಕಪ್ಸ್ ಸ್ಟಾರ್ಟ್' ಸಾಕು. ಇದು ಸಿಸ್‌ವಿಇನಿಟ್ ಇರುವ ಆವೃತ್ತಿಗೆ. ರನಿಟ್ ಆವೃತ್ತಿಯವರು ಅದರ ಸರ್ವಿಸ್ ಮ್ಯಾನೇಜರ್ ಬಳಸಿ.

ಹೆಜ್ಜೆ 8: ತೆಗೆಯುವಾಗ ಬೇರುಸಹಿತ ತೆಗೆಯಿರಿ

ಹಾಕಿ ನೋಡಿದಿರಿ, ಇಷ್ಟವಾಗಲಿಲ್ಲ. ಹೀಗೆ ತೆಗೆಯಿರಿ:

ಸುಡೊ ಆಪ್ಟ್ ಪರ್ಜ್ ಪ್ಯಾಕೇಜಿನ-ಹೆಸರು
ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್

ಮೊದಲನೆಯದು ಪ್ರೋಗ್ರಾಂ ಮತ್ತು ವ್ಯವಸ್ಥೆಯ ಮಟ್ಟದ ಸೆಟ್ಟಿಂಗ್ ಫೈಲುಗಳನ್ನು, ಎರಡನೆಯದು ಅದರ ಜೊತೆ ಬಂದು ಈಗ ಯಾರಿಗೂ ಬೇಡವಾದವನ್ನು ತೆಗೆಯುತ್ತದೆ. ಇಲ್ಲೂ ಪಟ್ಟಿ ಓದಿಯೇ 'ವೈ' ಒತ್ತಿ. ಕಟ್ಟಿನ ಪ್ಯಾಕೇಜು ತೆಗೆದಿದ್ದರೆ ಆಟೊರಿಮೂವ್ ನಿಮಗೆ ಬೇಕಾದವನ್ನೂ ಪಟ್ಟಿಗೆ ಹಾಕಿರುತ್ತದೆ. ಅಂಥದ್ದನ್ನು 'ಸುಡೊ ಆಪ್ಟ್-ಮಾರ್ಕ್ ಮ್ಯಾನ್ಯುಅಲ್ ಹೆಸರು' ಅಂತ ಉಳಿಸಿಕೊಳ್ಳಿ.

ಯಾವುದರ ಜೊತೆ ಯಾವುದು ಬಂತು ಎಂಬುದು /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್ ಫೈಲಿನಲ್ಲಿ ತಾರೀಖಿನ ಸಮೇತ ಇರುತ್ತದೆ. ಆಟೊರಿಮೂವ್ ಬಿಟ್ಟದ್ದನ್ನು ಅಲ್ಲಿ ನೋಡಿ ಹೆಸರು ಹಿಡಿದು ತೆಗೆಯಬಹುದು.

ಪರ್ಜ್ ಮಾಡಿದರೂ ನಿಮ್ಮ ಹೋಮ್ ಫೋಲ್ಡರಿನ .ಕಾನ್ಫಿಗ್ ಮತ್ತು .ಕ್ಯಾಶ್ ಒಳಗಿನ ಫೈಲುಗಳು ಹಾಗೇ ಇರುತ್ತವೆ. ಅವನ್ನು ಕೈಯಿಂದ ಅಳಿಸಬೇಕು. ಆಪ್ಟ್-ಗೆಟ್ ಬಳಸುವವರಲ್ಲಿ ಇಳಿಸಿದ ಡೆಬ್ ಫೈಲುಗಳೂ ಉಳಿಯುತ್ತವೆ, 'ಸುಡೊ ಆಪ್ಟ್ ಕ್ಲೀನ್' ಅವನ್ನು ತೆಗೆಯುತ್ತದೆ.

ಕೊನೆಯದಾಗಿ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು. ಅಪ್‌ಗ್ರೇಡ್ ಆದಾಗ ಹೊಸ ಕರ್ನಲ್ ಬರಬಹುದು, ಹಳೆಯದು ಉಳಿದಿರಬಹುದು. ಒಂದೊಂದೂ ನೂರಾರು ಎಂಬಿ. 'ಯುನೇಮ್ -ಆರ್' ಅಂದರೆ ಈಗ ಓಡುತ್ತಿರುವುದು ಗೊತ್ತಾಗುತ್ತದೆ. 'ಡಿಪಿಕೆಜಿ -ಎಲ್ | ಗ್ರೆಪ್ ಲಿನಕ್ಸ್-ಇಮೇಜ್' ಅಂದರೆ ಇರುವುದೆಲ್ಲ ಕಾಣುತ್ತದೆ. ಈಗ ಓಡುತ್ತಿರುವುದು, ಅದರ ಹಿಂದಿನದು ಒಂದು, ಇವೆರಡನ್ನು ಬಿಟ್ಟು ಉಳಿದವನ್ನು ಪರ್ಜ್ ಮಾಡಿ. ಹೊಸ ಕರ್ನಲ್ ಯಾವತ್ತಾದರೂ ಏಳದೇ ಹೋದರೆ ಬೂಟ್ ಶುರುವಿನಲ್ಲಿ ಬರುವ ಗ್ರಬ್ ಮೆನುವಿನಿಂದ ಆ ಹಿಂದಿನದರಲ್ಲಿ ಬೂಟ್ ಮಾಡಬಹುದು.